ಬಣ್ಣದ ಗಾಜು ಮತ್ತು ಕತ್ತಲೆಯ ಬೆಂಚು: ಚರ್ಚಿನ ಚಿತ್ರಗಳಿಗೆ ಎಚ್‌ಡಿಆರ್ ತಂತ್ರಾಂಶ

ಹಬ್ಬ, ನೊವೆನಾ, ಗುರುದೀಕ್ಷೆ, ಸುವರ್ಣ ಮಹೋತ್ಸವ ಮುಂತಾದ ಸಮಾರಂಭಗಳ ಚಿತ್ರಗಳು ಧರ್ಮಕೇಂದ್ರಗಳಿಂದ ನಮಗೆ ಬರುತ್ತಲೇ ಇರುತ್ತವೆ. ಅವುಗಳಲ್ಲಿ ಚರ್ಚಿನ ಒಳಾಂಗಣದ ಚಿತ್ರಗಳಿಗೆ ಸಾಮಾನ್ಯವಾಗಿ ಒಂದೇ ತೊಂದರೆ. ಬಲಿಪೀಠ ಮತ್ತು ಬೆಂಚುಗಳು ಸರಿಯಾಗಿ ಕಂಡರೆ ಕಿಟಕಿಗಳು ಬರೀ ಬಿಳಿ ಕಾಗದದಂತೆ ಕಾಣುತ್ತವೆ. ಕಿಟಕಿಯ ಬಣ್ಣದ ಗಾಜು ಚೆನ್ನಾಗಿ ಬಂದರೆ ಉಳಿದ ಚರ್ಚೆಲ್ಲ ಕತ್ತಲೆ. ಫ್ಲಾಶ್ ಹಾಕಿದರೆ ಮುಂದಿನ ಎರಡು ಬೆಂಚುಗಳಷ್ಟೇ ಬೆಳಗುತ್ತವೆ.

ಇದಕ್ಕೆ ಒಂದು ಪರಿಹಾರ ಎಚ್‌ಡಿಆರ್ ವಿಧಾನ. ‘ಹೈ ಡೈನಾಮಿಕ್ ರೇಂಜ್’ ಎಂಬುದರ ಸಂಕ್ಷಿಪ್ತ ರೂಪವಿದು. ಅತಿ ಪ್ರಕಾಶದಿಂದ ಅತಿ ಕತ್ತಲೆಯವರೆಗಿನ ದೊಡ್ಡ ಅಂತರವನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಎಂದು ಇದರ ಅರ್ಥ. ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲ್‌ನ ಒಳಾಂಗಣದ ಚಿತ್ರಗಳನ್ನು ಇಟ್ಟುಕೊಂಡು ಇಂತಹ ಕೆಲವು ತಂತ್ರಾಂಶಗಳನ್ನು ನಾವು ಪ್ರಯೋಗಿಸಿ ನೋಡಿದೆವು. ಧರ್ಮಕೇಂದ್ರದ ಪತ್ರಿಕೆ, ಹಬ್ಬದ ಸ್ಮರಣ ಸಂಚಿಕೆ ಮತ್ತು ದಾಖಲೆ ಕೆಲಸ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಅದರ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಕಣ್ಣು ಮತ್ತು ಕ್ಯಾಮೆರಾ

ನಾವು ಚರ್ಚಿನೊಳಗೆ ಹೋದಾಗ ಕಿಟಕಿಯ ಬಣ್ಣವೂ ಕಾಣುತ್ತದೆ, ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ಅಜ್ಜಿಯೂ ಕಾಣುತ್ತಾರೆ. ಕಣ್ಣು ಇವೆರಡನ್ನೂ ಒಂದೇ ಕ್ಷಣದಲ್ಲಿ ನೋಡುವುದಿಲ್ಲ. ಕಿಟಕಿಯ ಕಡೆ ತಿರುಗಿದಾಗ ಪಾಪೆ ಕಿರಿದಾಗುತ್ತದೆ, ಕತ್ತಲೆಯ ಕಡೆ ತಿರುಗಿದಾಗ ಅಗಲವಾಗುತ್ತದೆ. ಕಣ್ಣಿನ ಒಳಪದರವೂ ಆಯಾ ಬೆಳಕಿಗೆ ಹೊಂದಿಕೊಳ್ಳುತ್ತದೆ. ಹೀಗೆ ಕಂಡ ತುಣುಕುಗಳನ್ನೆಲ್ಲ ಮಿದುಳು ಸೇರಿಸಿ ಒಂದೇ ನೋಟವೆಂಬಂತೆ ನಮಗೆ ಕೊಡುತ್ತದೆ.

ಕ್ಯಾಮೆರಾಕ್ಕೆ ಈ ಅನುಕೂಲ ಇಲ್ಲ. ಒಂದು ಸಲ ಗುಂಡಿ ಒತ್ತಿದಾಗ ಅದು ಇಡೀ ದೃಶ್ಯಕ್ಕೆ ಒಂದೇ ಅಳತೆಯ ಬೆಳಕನ್ನು ಒಳಗೆ ಬಿಡುತ್ತದೆ. ಬೆಳಕಿನ ಅಂತರವನ್ನು ಛಾಯಾಗ್ರಾಹಕರು ‘ಸ್ಟಾಪ್’ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಹೆಚ್ಚಾದರೆ ಬೆಳಕು ಎರಡು ಪಟ್ಟು, ಎರಡು ಸ್ಟಾಪ್‌ಗೆ ನಾಲ್ಕು ಪಟ್ಟು, ಹತ್ತು ಸ್ಟಾಪ್‌ಗೆ 1,024 ಪಟ್ಟು. ಇಂದಿನ ಒಳ್ಳೆಯ ಕ್ಯಾಮೆರಾಗಳು 12ರಿಂದ 14 ಸ್ಟಾಪ್‌ಗಳ ಅಂತರವನ್ನು ಹಿಡಿಯಬಲ್ಲವು. ಆದರೆ ಅದರ ಕೆಳತುದಿಯಲ್ಲಿರುವ ಕತ್ತಲೆಯ ಭಾಗವನ್ನು ಮೇಲೆತ್ತಿದರೆ ಮರಳು ಚೆಲ್ಲಿದಂತೆ ಕಾಳುಕಾಳಾಗಿ ಕಾಣುತ್ತದೆ. ಅಚ್ಚಾದ ಕಾಗದದ ಶಕ್ತಿ ಇನ್ನೂ ಕಡಿಮೆ. ನುಣುಪಾದ ಒಳ್ಳೆಯ ಕಾಗದದಲ್ಲೂ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ನೂರು ಪಟ್ಟು ಮಾತ್ರ.

ಆದ್ದರಿಂದ ಇಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ದೃಶ್ಯದ ಬೆಳಕನ್ನೆಲ್ಲ ಹಿಡಿಯುವುದು. ಎರಡನೆಯದು, ಹಿಡಿದದ್ದನ್ನು ಕಾಗದದ ಅಥವಾ ಪರದೆಯ ಚಿಕ್ಕ ಅಳತೆಗೆ ಇಳಿಸುವುದು. ಎಚ್‌ಡಿಆರ್ ತಂತ್ರಾಂಶ ಇವೆರಡನ್ನೂ ಮಾಡುತ್ತದೆ. ಮೊದಲನೆಯದು ಬರೀ ಲೆಕ್ಕ. ಎರಡನೆಯದರಲ್ಲಿ ಮಾಡುವವರ ವಿವೇಚನೆ ಬೇಕು, ತೊಂದರೆಗಳು ಹುಟ್ಟುವುದೂ ಅಲ್ಲಿಯೇ.

ಸಂತ ಫಿಲೋಮಿನಾ ಕೆಥೆಡ್ರಲ್ ಏಕೆ?

ಮೈಸೂರಿಗೆ ಹೋದ ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಈ ದೇವಾಲಯವನ್ನು ನೋಡದೆ ಬಂದವರು ಕಡಿಮೆ. ಇದೇ ಸ್ಥಳದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಒಂದು ಚರ್ಚು ಕಟ್ಟಲಾಗಿತ್ತು. ಮಹಾರಾಜರ ಕಾರ್ಯದರ್ಶಿಯಾಗಿದ್ದ ಸರ್ ಟಿ. ತಂಬೂ ಚೆಟ್ಟಿಯವರು 1926ರಲ್ಲಿ ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವನ್ನು ಪಡೆದು ತಂದರು. ಈಗಿನ ದೇವಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದರು. ದಾಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ಕೆಥೆಡ್ರಲ್‌ನ ಮಾದರಿಯನ್ನು ಮುಂದಿಟ್ಟುಕೊಂಡು ಗಾಥಿಕ್ ಶೈಲಿಯಲ್ಲಿ ಇದರ ನಕ್ಷೆ ತಯಾರಿಸಿದರು. ಎರಡು ಗೋಪುರಗಳ ಎತ್ತರ ತಲಾ 175 ಅಡಿ.

ಗಾಥಿಕ್ ದೇವಾಲಯದಲ್ಲಿ ಗೋಡೆ ಎತ್ತರ, ಕಿಟಕಿಯೂ ಎತ್ತರ. ಬೆಳಕು ಮೇಲಿನಿಂದ, ಬಣ್ಣದ ಗಾಜಿನ ಮೂಲಕ ಒಳಗೆ ಬರುತ್ತದೆ. ಸಂತ ಫಿಲೋಮಿನಾ ದೇವಾಲಯದ ಗಾಜುಗಳಲ್ಲಿ ಯೇಸುವಿನ ಜನನ, ಕೊನೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನ ಮತ್ತು ಸ್ವರ್ಗಾರೋಹಣದ ದೃಶ್ಯಗಳಿವೆ. ಅವುಗಳ ಕೆಳಗೆ ಬೆಂಚುಗಳ ಸಾಲು ಮತ್ತು ಕಂಬಗಳ ಹಿಂದಿನ ನೆರಳು. ಇಂತಹ ಕಡೆ ಗಾಜಿನ ಬಣ್ಣ ಮತ್ತು ಕಂಬದ ಕೆತ್ತನೆ ಎರಡೂ ಒಂದೇ ಚಿತ್ರದಲ್ಲಿ ಬರುವುದು ಕಷ್ಟ. ತಂತ್ರಾಂಶದ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸ್ಥಳ ಬೇಕಿಲ್ಲ.

ವಿಧಾನದ ಇತಿಹಾಸ

ಹಲವು ಚಿತ್ರಗಳನ್ನು ಸೇರಿಸುವ ಉಪಾಯ ಹಳೆಯದು. ಫ್ರಾನ್ಸ್‌ನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರದ ಚಿತ್ರಗಳಿಗಾಗಿ ಆಕಾಶಕ್ಕೆ ಒಂದು, ನೀರಿಗೆ ಒಂದು ಎಂದು ಎರಡು ನೆಗೆಟಿವ್‌ಗಳನ್ನು ತೆಗೆದು ಒಂದೇ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು.

ಕಂಪ್ಯೂಟರಿನಲ್ಲಿ ಇದನ್ನು ಮಾಡುವ ಪ್ರಸಿದ್ಧ ವಿಧಾನವನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಪ್ರಕಟಿಸಿದರು. ಮಲಿಕ್ ಅವರು ನಮ್ಮ ದೇಶದವರೇ, ಕಾನ್ಪುರದ ಐಐಟಿಯಲ್ಲಿ ಓದಿದವರು. ಈ ವಿಧಾನವನ್ನು ತೋರಿಸಲು ಅವರು ಆರಿಸಿಕೊಂಡ ದೃಶ್ಯಗಳಲ್ಲಿ ಒಂದು ಚರ್ಚಿನ ಒಳಾಂಗಣ ಎಂಬುದು ನಮ್ಮ ಓದುಗರಿಗೆ ಸಂತೋಷದ ವಿಷಯ. ಕ್ಯಾಲಿಫೋರ್ನಿಯಾದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮೆಮೋರಿಯಲ್ ಚರ್ಚ್‌ನಲ್ಲಿ 30 ಸೆಕೆಂಡಿನಿಂದ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ, ಒಂದೊಂದು ಸ್ಟಾಪ್ ಅಂತರದಲ್ಲಿ, 16 ಚಿತ್ರಗಳನ್ನು ತೆಗೆಯಲಾಗಿತ್ತು. ಅಲ್ಲಿಯೂ ಬಣ್ಣದ ಗಾಜು, ಅಲ್ಲಿಯೂ ನೆರಳು. ಮುಂದೆ ಹೊಸ ವಿಧಾನ ಕಂಡುಹಿಡಿದ ಅನೇಕರು ಅದೇ ಚರ್ಚಿನ ಚಿತ್ರದ ಮೇಲೆ ತಮ್ಮ ಕೆಲಸವನ್ನು ಪರೀಕ್ಷಿಸಿದ್ದಾರೆ.

ಜನಸಾಮಾನ್ಯರ ಕೈಗೆ ಇದು ಬಂದದ್ದು 2000ದ ದಶಕದಲ್ಲಿ. ಫೋಟೋಮ್ಯಾಟಿಕ್ಸ್ ತಂತ್ರಾಂಶ 2003ರಲ್ಲಿ ಬಂತು. 2005ರಲ್ಲಿ ಫೋಟೋಶಾಪ್ ಸಿಎಸ್2 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. 2010ರಲ್ಲಿ ಐಫೋನಿನ ಕ್ಯಾಮೆರಾಕ್ಕೆ ಬಂತು. ಈಗ ಬಹುತೇಕ ಫೋನುಗಳು ನಾವು ಕೇಳದೆಯೇ ಹಲವು ಚಿತ್ರಗಳನ್ನು ತೆಗೆದು ಸೇರಿಸಿಕೊಡುತ್ತವೆ. ಹೀಗಾಗಿ ಎಚ್‌ಡಿಆರ್ ಎಂಬ ಹೆಸರು ಕೇಳದವರೂ ದಿನನಿತ್ಯ ಅದನ್ನು ಬಳಸುತ್ತಿದ್ದಾರೆ.

ಚಿತ್ರ ತೆಗೆಯುವ ಕ್ರಮ

ತಂತ್ರಾಂಶಕ್ಕಿಂತ ಮೊದಲು ಚಿತ್ರ ಸರಿ ಇರಬೇಕು. ಕ್ರಮ ಹೀಗಿದೆ.

1. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಭದ್ರವಾಗಿ ಇಡಬೇಕು. ಗುಂಡಿಯನ್ನು ಬೆರಳಿನಿಂದ ಒತ್ತಿದರೆ ಅಲುಗಾಡುತ್ತದೆ. ಎರಡು ಸೆಕೆಂಡಿನ ಟೈಮರ್ ಬಳಸುವುದು ಉತ್ತಮ.

2. ಐಎಸ್‌ಒ, ಅಪರ್ಚರ್, ಫೋಕಸ್ ಮತ್ತು ವೈಟ್ ಬ್ಯಾಲೆನ್ಸ್ ಇವುಗಳನ್ನು ಒಮ್ಮೆ ಹೊಂದಿಸಿ ಹಾಗೆಯೇ ಬಿಡಬೇಕು. ಬದಲಾಯಿಸುವುದು ಷಟರ್ ಸಮಯವನ್ನು ಮಾತ್ರ. ಅಪರ್ಚರ್ ಬದಲಾದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳವೂ ಬದಲಾಗುತ್ತದೆ, ಆಗ ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

3. ಮೊದಲು ಗಾಜಿನ ಬಣ್ಣ ಪೂರ್ತಿ ಉಳಿಯುವಷ್ಟು ಕಡಿಮೆ ಸಮಯ ಕಂಡುಕೊಳ್ಳಬೇಕು. ಅನಂತರ ಕಂಬದ ಹಿಂದಿನ ನೆರಳು ಕಾಣುವಷ್ಟು ಹೆಚ್ಚಿನ ಸಮಯ. ಉದಾಹರಣೆಗೆ ಗಾಜಿಗೆ ಸೆಕೆಂಡಿನ 60ನೇ ಒಂದು ಭಾಗ, ನೆರಳಿಗೆ 4 ಸೆಕೆಂಡು ಬೇಕಾಯಿತು ಎಂದುಕೊಳ್ಳೋಣ. ಇವೆರಡರ ನಡುವೆ 8 ಸ್ಟಾಪ್, ಅಂದರೆ ಸುಮಾರು 250 ಪಟ್ಟು ಅಂತರ. ಎರಡೆರಡು ಸ್ಟಾಪ್‌ಗೆ ಒಂದರಂತೆ ತೆಗೆದರೆ 1/60, 1/15, 1/4, 1 ಮತ್ತು 4 ಸೆಕೆಂಡು, ಹೀಗೆ ಐದು ಚಿತ್ರಗಳು ಸಾಕು.

4. ಕ್ಯಾಮೆರಾದಲ್ಲಿ ‘ರಾ’ ಎಂಬ ಮೂಲ ರೂಪ ಇದ್ದರೆ ಅದರಲ್ಲೇ ಉಳಿಸಬೇಕು. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಇರುತ್ತವೆ.

ಐದು ಚಿತ್ರ ತೆಗೆಯುವಷ್ಟು ಹೊತ್ತು ಯಾರೂ ಅಲುಗಾಡಬಾರದು. ಆದ್ದರಿಂದ ಇದು ಬಲಿಪೂಜೆಯ ಸಮಯದಲ್ಲಿ ಮಾಡುವ ಕೆಲಸವಲ್ಲ. ಚರ್ಚು ಖಾಲಿ ಇರುವಾಗ, ಪ್ರಾರ್ಥನೆಗೆ ಬಂದವರಿಗೆ ತೊಂದರೆಯಾಗದಂತೆ, ಧರ್ಮಗುರುಗಳ ಅನುಮತಿ ಪಡೆದು ಮಾಡಬೇಕು. ಸಂತ ಫಿಲೋಮಿನಾ ದೇವಾಲಯ ಪ್ರವಾಸಿಗಳು ಬರುವ ಸ್ಥಳವಾದರೂ ಮೊದಲು ಅದು ಆರಾಧನೆಯ ಸ್ಥಳ. ಅಲ್ಲಿ ಒಳಗೆ ಟ್ರೈಪಾಡ್ ಇಡುವ ಮೊದಲು ಕೇಳಲೇಬೇಕು.

ತಂತ್ರಾಂಶಗಳನ್ನು ಪ್ರಯೋಗಿಸಿದಾಗ

ಖರ್ಚಿಲ್ಲದೆ ಕಲಿಯುವವರಿಗೆ ಲ್ಯೂಮಿನನ್ಸ್ ಎಚ್‌ಡಿಆರ್ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಐದು ಚಿತ್ರಗಳನ್ನು ಕೊಟ್ಟರೆ ಅದು ಅವುಗಳನ್ನು ಒಂದರ ಮೇಲೊಂದು ಹೊಂದಿಸಿ, ಪ್ರತಿ ಬಿಂದುವಿನಲ್ಲಿ ನಿಜವಾಗಿ ಎಷ್ಟು ಬೆಳಕಿತ್ತು ಎಂದು ಲೆಕ್ಕ ಹಾಕಿ ದೊಡ್ಡ ಅಳತೆಯ ಒಂದು ಕಡತ ಮಾಡುತ್ತದೆ. ಈ ಕಡತ ಸಾಮಾನ್ಯ ಪರದೆಯ ಮೇಲೆ ಪೂರ್ತಿಯಾಗಿ ಕಾಣುವುದಿಲ್ಲ. ಅದನ್ನು ಪರದೆಯ ಅಳತೆಗೆ ಇಳಿಸುವ ಕೆಲಸಕ್ಕೆ ‘ಟೋನ್ ಮ್ಯಾಪಿಂಗ್’ ಎಂದು ಹೆಸರು. ಅದಕ್ಕೆ ಹಲವು ಸೂತ್ರಗಳಿವೆ. ಅವನ್ನು ಕಂಡುಹಿಡಿದ ವಿಜ್ಞಾನಿಗಳ ಹೆಸರಿನಿಂದಲೇ ಕರೆಯುತ್ತಾರೆ.

ಒಂದೇ ಐದು ಚಿತ್ರಗಳಿಗೆ ಬೇರೆ ಬೇರೆ ಸೂತ್ರಗಳನ್ನು ಹಾಕಿ ನೋಡಿದೆವು. 2002ರ ರೈನ್‌ಹಾರ್ಡ್ ಸೂತ್ರ ಹಳೆಯ ಕತ್ತಲೆಕೋಣೆಯ ಛಾಯಾಗ್ರಾಹಕರ ಕ್ರಮವನ್ನು ಆಧರಿಸಿದೆ. ಅದರಲ್ಲಿ ಗಾಜಿನ ಕೆಂಪು, ನೀಲಿ ಉಳಿದವು, ನೆರಳು ನೆರಳಾಗಿಯೇ ಇತ್ತು, ಬೆಂಚುಗಳು ಮೆಲ್ಲಗೆ ಕಾಣಿಸಿದವು. ಅದೇ ವರ್ಷದ ಫಟ್ಟಲ್ ಸೂತ್ರದಲ್ಲಿ ಕಲ್ಲಿನ ಪ್ರತಿ ಅಂಚೂ ಎದ್ದು ನಿಂತು, ಇಡೀ ದೇವಾಲಯ ಪೆನ್ಸಿಲಿನಿಂದ ಬರೆದ ಚಿತ್ರದಂತೆ ಕಂಡಿತು. 2006ರ ಮಾಂಟಿಯುಕ್ ಸೂತ್ರ ಕೆತ್ತನೆಯ ವಿವರಗಳನ್ನು ಚೆನ್ನಾಗಿ ತೋರಿಸಿತು, ಆದರೆ ಬಣ್ಣವನ್ನು ಕೈಯಿಂದ ತಗ್ಗಿಸಬೇಕಾಯಿತು.

ಇನ್ನೊಂದು ದಾರಿ ‘ಎಕ್ಸ್‌ಪೋಶರ್ ಫ್ಯೂಷನ್’. ಮರ್ಟೆನ್ಸ್, ಕೌಟ್ಜ್ ಮತ್ತು ವಾನ್ ರೀತ್ ಎಂಬವರು 2007ರಲ್ಲಿ ಪ್ರಕಟಿಸಿದ ವಿಧಾನ ಇದು. ಇಲ್ಲಿ ಬೆಳಕಿನ ದೊಡ್ಡ ಲೆಕ್ಕವೇ ಇಲ್ಲ. ಪ್ರತಿ ಭಾಗವನ್ನು ಅದು ಚೆನ್ನಾಗಿ ಬಂದಿರುವ ಚಿತ್ರದಿಂದ ಹೆಚ್ಚು ತೆಗೆದುಕೊಂಡು ನಯವಾಗಿ ಸೇರಿಸುತ್ತಾರೆ. ಉಚಿತವಾಗಿ ಸಿಗುವ ಹ್ಯೂಗಿನ್ ತಂತ್ರಾಂಶದ ಜೊತೆ ಬರುವ ಎನ್‌ಫ್ಯೂಸ್ ಈ ಕೆಲಸ ಮಾಡುತ್ತದೆ. ಹೆಚ್ಚು ತಿದ್ದದೆ ಸ್ಮರಣ ಸಂಚಿಕೆಗೆ ಹಾಕಬಹುದಾದ ಚಿತ್ರ ನಮಗೆ ಸಿಕ್ಕಿದ್ದು ಇದರಿಂದಲೇ. ಹೊಸಬರು ಇದರಿಂದ ಪ್ರಾರಂಭಿಸುವುದು ಒಳ್ಳೆಯದು. ಹಣ ಕೊಟ್ಟು ಕೊಳ್ಳುವ ಫೋಟೋಮ್ಯಾಟಿಕ್ಸ್‌ನಲ್ಲಿ ಎರಡೂ ವಿಧಾನಗಳಿವೆ. ಅದರ ಪರೀಕ್ಷಾ ಪ್ರತಿಯಲ್ಲಿ ಚಿತ್ರದ ಮೇಲೆ ಕಂಪನಿಯ ಗುರುತು ಬೀಳುತ್ತದೆ, ಆದರೆ ಕಲಿಯಲು ಅದು ಸಾಕು.

ನೆರಳು ಉಳಿಯಲಿ

ಈ ಪ್ರಯೋಗದಿಂದ ಕಂಡ ಮುಖ್ಯ ವಿಷಯವನ್ನು ಹೇಳಬೇಕು. ಮೂಲೆ ಮೂಲೆಯೂ ಒಂದೇ ಸಮನೆ ಬೆಳಗುವ ಚಿತ್ರ ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆ. ಆದರೆ ಅದು ಆ ದೇವಾಲಯವಲ್ಲ. ಗಾಥಿಕ್ ದೇವಾಲಯವನ್ನು ಕಟ್ಟಿದವರು ನೆರಳನ್ನು ತಿಳಿದೇ ಉಳಿಸಿದ್ದಾರೆ. ಬೆಳಕು ಕಿಟಕಿಯ ಮೂಲಕ, ಕ್ರಿಸ್ತರ ಜೀವನದ ದೃಶ್ಯಗಳ ಮೂಲಕ ಒಳಗೆ ಬರಬೇಕು, ಭಕ್ತರು ನೆರಳಿನಲ್ಲಿ ಕುಳಿತು ಅದರ ಕಡೆ ಮುಖವೆತ್ತಬೇಕು ಎಂಬುದು ಆ ಕಟ್ಟಡದ ಬೋಧನೆ. ತಂತ್ರಾಂಶ ಕಿಟಕಿಯನ್ನು ಮಂಕು ಮಾಡಿ ಬೆಂಚನ್ನು ಅಷ್ಟೇ ಬೆಳಗಿಸಿದರೆ, ಬೆಳಕು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ. ಗಾಜು ಗೋಡೆಗೆ ಅಂಟಿಸಿದ ಬಣ್ಣದ ಕಾಗದದಂತೆ ಕಾಣುತ್ತದೆ.

ಆದ್ದರಿಂದ ಅಳತೆಗೋಲು ಸರಳ. ಚಿತ್ರ ಮುಗಿದ ಮೇಲೆ ಕಣ್ಣು ಅರೆಮುಚ್ಚಿ ನೋಡಬೇಕು. ಕಿಟಕಿಯೇ ಎಲ್ಲಕ್ಕಿಂತ ಹೆಚ್ಚು ಪ್ರಕಾಶವಾಗಿ ಕಂಡರೆ ಚಿತ್ರ ನಿಜಕ್ಕೆ ಹತ್ತಿರ ಇದೆ. ಬಲಿಪೀಠದ ಬಿಳಿ ವಸ್ತ್ರ ಬೂದು ಬಣ್ಣಕ್ಕೆ ತಿರುಗಿದ್ದರೆ ತಂತ್ರಾಂಶವನ್ನು ಅತಿಯಾಗಿ ಎಳೆದಿದ್ದೇವೆ ಎಂದು ಅರ್ಥ.

ಹೊರಗಿನ ಚಿತ್ರಗಳಲ್ಲೂ ಇದೇ ಮಾತು. ಗೋಪುರದ ಅಂಚಿನ ಸುತ್ತ ಆಕಾಶದಲ್ಲಿ ಬಿಳಿಯ ಪಟ್ಟಿಯೊಂದು ಕಾಣುತ್ತದಲ್ಲ, ಅದು ಪ್ರಭಾವಳಿಯಲ್ಲ. ಕೆಲವು ಸೂತ್ರಗಳು ಪ್ರತಿ ಬಿಂದುವನ್ನು ಅದರ ನೆರೆಯ ಬಿಂದುಗಳ ಜೊತೆ ಹೋಲಿಸಿ ತಿದ್ದುವುದರಿಂದ ಕಪ್ಪು ಬಿಳಿ ಕೂಡುವ ಕಡೆ ಹೀಗಾಗುತ್ತದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುವ ಹಳೆಯ ಚರ್ಚಿನ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಕೆಲವದರಲ್ಲಿ ಆಕಾಶ ಪ್ರಳಯಕಾಲದಂತೆ ಕಪ್ಪಾಗಿರುತ್ತದೆ. ಅಲ್ಲಿಗೆ ಹೋದವರಿಗೆ ಅಂತಹ ಆಕಾಶ ಸಿಗುವುದು ಅಪರೂಪ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ದೀಪಗಳ ಚಿತ್ರದಲ್ಲೂ ರಾತ್ರಿಯ ಆಕಾಶವನ್ನು ಬಲವಂತವಾಗಿ ಬೆಳಗಿಸಿದರೆ ದೀಪಗಳ ಸೊಬಗೇ ಹೋಗುತ್ತದೆ.

ಎರಡು ಮುಖ್ಯ ಎಚ್ಚರಿಕೆಗಳು

ಮೊದಲನೆಯದು ನೆರಳಿನಂತಹ ಆಕೃತಿಗಳ ಬಗ್ಗೆ. ಚಿತ್ರ ತೆಗೆಯುವಾಗ ಯಾರಾದರೂ ನಡೆದು ಹೋದರೆ ಅವರು ಒಂದು ಚಿತ್ರದಲ್ಲಿ ಇರುತ್ತಾರೆ, ಇನ್ನೊಂದರಲ್ಲಿ ಇರುವುದಿಲ್ಲ. ಸೇರಿಸಿದಾಗ ಪಾರದರ್ಶಕ ದೇಹದಂತೆ ಕಾಣುತ್ತಾರೆ. ಛಾಯಾಗ್ರಾಹಕರೇ ಇದಕ್ಕೆ ‘ಘೋಸ್ಟ್’, ಅಂದರೆ ಭೂತ ಎಂದು ಹೆಸರಿಟ್ಟಿದ್ದಾರೆ. ತಂತ್ರಾಂಶದಲ್ಲಿ ಇದನ್ನು ತೆಗೆಯುವ ಸೌಲಭ್ಯ ಇದ್ದರೂ ಪೂರ್ತಿ ಹೋಗುವುದಿಲ್ಲ. ಫೋನುಗಳಲ್ಲಿಯೂ ಹೀಗಾಗಬಹುದು. ಬಲಿಪೀಠದ ಬಳಿ, ಗ್ರೊಟ್ಟೊ ಮುಂದೆ ಇಂತಹ ಆಕೃತಿ ಕಂಡರೆ ಪವಾಡವೆಂದು ವಾಟ್ಸಾಪ್‌ನಲ್ಲಿ ಹರಡಲು ಹೊತ್ತು ಬೇಕಾಗುವುದಿಲ್ಲ. ಅಲೌಕಿಕವೆಂದು ಹೇಳಲಾಗುವ ಘಟನೆಗಳ ವಿವೇಚನೆಗೆ ವ್ಯಾಟಿಕನ್ 2024ರ ಮೇ 17ರಂದು ಹೊಸ ನಿಯಮಗಳನ್ನು ಪ್ರಕಟಿಸಿದೆ. ಅವುಗಳ ಪ್ರಕಾರ ಪರಿಶೀಲನೆ ನಡೆಸುವುದು ಸ್ಥಳೀಯ ಧರ್ಮಾಧ್ಯಕ್ಷರ ಹೊಣೆ. ಚಿತ್ರವನ್ನು ಮುಂದೆ ಕಳುಹಿಸುವುದು ನಮ್ಮ ಕೆಲಸವಲ್ಲ. ಜನರ ವಿಶ್ವಾಸ ತಂತ್ರಾಂಶದ ಲೋಪದ ಮೇಲೆ ನಿಲ್ಲಬಾರದು.

ಎರಡನೆಯದು ಕಟ್ಟಡದ ದಾಖಲೆಯ ಬಗ್ಗೆ. ನಮ್ಮ ಅನೇಕ ಚರ್ಚುಗಳು ನೂರು ವರ್ಷ ದಾಟಿವೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳಲ್ಲಿ ಬ್ರದರ್ ಅಂತೋನಿಯೊ ಮೊಸ್ಕೆನಿ ಬರೆದ ಚಿತ್ರಗಳಂತಹ ಸಂಪತ್ತನ್ನು ಮುಂದಿನ ಪೀಳಿಗೆಗೆ ಉಳಿಸಲು ಒಳ್ಳೆಯ ಛಾಯಾಚಿತ್ರಗಳ ದಾಖಲೆ ಬೇಕು. ಕತ್ತಲೆಯ ಮೂಲೆಗಳನ್ನೂ ತೋರಿಸುವ ಎಚ್‌ಡಿಆರ್ ಇದಕ್ಕೆ ಸಹಾಯಕ. ಆದರೆ ಟೋನ್ ಮ್ಯಾಪಿಂಗ್ ಸಣ್ಣ ವ್ಯತ್ಯಾಸಗಳನ್ನು ದೊಡ್ಡದು ಮಾಡುತ್ತದೆ. ಕೂದಲೆಳೆಯ ಬಿರುಕು ದೊಡ್ಡ ಬಿರುಕಿನಂತೆ, ಹಳೆಯ ತೇವದ ಕಲೆ ಹೊಸ ಸೋರಿಕೆಯಂತೆ ಕಾಣಬಹುದು. ಮಾಸಿದ ಬಣ್ಣ ಹೊಸದರಂತೆ ಹೊಳೆಯಲೂಬಹುದು. ಅಂತಹ ಚಿತ್ರವನ್ನು ನಂಬಿ ದುರಸ್ತಿಯ ತೀರ್ಮಾನ ಮಾಡಿದರೆ ಧರ್ಮಕೇಂದ್ರದ ಹಣವೂ ಹೋಗುತ್ತದೆ, ಹಳೆಯ ಕೆಲಸವೂ ಕೆಡುತ್ತದೆ. ಇಂಜಿನಿಯರಿಗೆ ಮತ್ತು ಸಂರಕ್ಷಣೆ ಮಾಡುವವರಿಗೆ ತಿದ್ದದ ಮೂಲ ಚಿತ್ರಗಳನ್ನೇ ಕೊಡಬೇಕು.

ಇಲ್ಲಿ ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಎಚ್‌ಡಿಆರ್ ಕ್ಯಾಮೆರಾದ ಒಳಗೆ ನಿಜವಾಗಿ ಬಂದ ಬೆಳಕನ್ನು ಮಾತ್ರ ಬಳಸುತ್ತದೆ. ಕೃತಕ ಬುದ್ಧಿಮತ್ತೆಯ ಹೊಸ ತಂತ್ರಾಂಶಗಳು ಅಲ್ಲಿ ಇಲ್ಲದ ಆಕಾಶ, ಇಲ್ಲದ ದೀಪ, ಇಲ್ಲದ ಜನರನ್ನೂ ಸೇರಿಸಬಲ್ಲವು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಟಿವಿ ಮತ್ತು ಫೋನ್ ಪರದೆಗಳ ಮೇಲೆ ಬರೆದಿರುವ ಎಚ್‌ಡಿಆರ್ ಮತ್ತೊಂದು ವಿಷಯ. ಅದು ಪರದೆ ಎಷ್ಟು ಪ್ರಕಾಶವಾಗಿ ತೋರಿಸಬಲ್ಲದು ಎಂಬುದಕ್ಕೆ ಸಂಬಂಧಿಸಿದ್ದು.

ಧರ್ಮಕೇಂದ್ರಗಳಿಗೆ ಸಲಹೆಗಳು

ವರ್ಷಕ್ಕೆ ಒಂದು ಸಲವಾದರೂ, ಹಬ್ಬದ ಅಲಂಕಾರ ಇಲ್ಲದ ದಿನ, ಚರ್ಚಿನ ಒಳಾಂಗಣವನ್ನು ಈ ಕ್ರಮದಲ್ಲಿ ಚಿತ್ರೀಕರಿಸಿ ಇಡುವುದು ಒಳ್ಳೆಯದು. ಪ್ರತಿ ವರ್ಷ ಅದೇ ಸ್ಥಳದಲ್ಲಿ, ಅದೇ ಹೊತ್ತಿಗೆ ತೆಗೆದರೆ ಕಟ್ಟಡದಲ್ಲಿ ಆದ ಬದಲಾವಣೆ ತಿಳಿಯುತ್ತದೆ. ಯುವಜನರಲ್ಲಿ ಕ್ಯಾಮೆರಾ ಬಲ್ಲವರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಪಾಲನಾ ಮಂಡಳಿಯವರು ಈ ಕೆಲಸವನ್ನು ಅವರಿಗೆ ವಹಿಸಬಹುದು.

ಸೇರಿಸಿದ ಚಿತ್ರದ ಜೊತೆಗೆ ಐದೂ ಮೂಲ ಚಿತ್ರಗಳನ್ನು ದಿನಾಂಕ ಬರೆದು ಎರಡು ಕಡೆ ಉಳಿಸಬೇಕು. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಮೂಲ ಇದ್ದರೆ ಮುಂದೆ ಬರುವ ಒಳ್ಳೆಯ ತಂತ್ರಾಂಶದಲ್ಲಿ ಮತ್ತೆ ಮಾಡಿಕೊಳ್ಳಬಹುದು. ಪತ್ರಿಕೆಗೆ ಕಳುಹಿಸುವಾಗ ‘ಹಲವು ಚಿತ್ರಗಳನ್ನು ಸೇರಿಸಿ ಮಾಡಿದ್ದು’ ಎಂದು ಒಂದು ಸಾಲು ಬರೆದರೆ ಓದುಗರಿಗೂ ಗೊತ್ತಾಗುತ್ತದೆ.

ಜನರಿರುವ ಸಮಾರಂಭಗಳಿಗೆ ಈ ವಿಧಾನ ಬೇಡ. ಪ್ರಥಮ ಪರಮಪ್ರಸಾದ ಸ್ವೀಕರಿಸುವ ಮಗುವಿನ ಮುಖ ಚೆನ್ನಾಗಿ ಬಂದರೆ ಹಿಂದಿನ ಕಿಟಕಿ ಬಿಳಿಯಾದರೂ ಚಿಂತೆಯಿಲ್ಲ. ಅಲ್ಲಿ ನಾವು ನೋಡಬೇಕಾದದ್ದು ಆ ಮಗುವನ್ನು. ಖಾಲಿ ಚರ್ಚಿನ ಕಟ್ಟಡ, ಕಿಟಕಿ, ಕೆತ್ತನೆ, ಗೋಡೆ ಚಿತ್ರಗಳಿಗೆ ಎಚ್‌ಡಿಆರ್ ಬಳಸಿರಿ, ಮಿತವಾಗಿ ಬಳಸಿರಿ. ನಮ್ಮ ಹಿರಿಯರು ಕಷ್ಟಪಟ್ಟು ಕಟ್ಟಿದ ದೇವಾಲಯಗಳು ಒಳಗೆ ಹೋದವರ ಕಣ್ಣಿಗೆ ಹೇಗೆ ಕಂಡವೋ, ಮುಂದಿನ ಪೀಳಿಗೆಗೆ ಚಿತ್ರದಲ್ಲಿಯೂ ಹಾಗೆಯೇ ಕಾಣಲಿ.